ನೀರಿನಲ್ಲಿ ಅಡಗಿದ ಲೋಹವನ್ನು ಬೆಳಗಿ ತೋರಿಸುವ ಅಣುಗಳು

ಆರತಿಗೆಂದು ಅರಿಶಿನ ಕದಡಿದ ನೀರಿಗೆ ಚಿಟಿಕೆ ಸುಣ್ಣ ಸೇರಿಸಿದೊಡನೆ ಹಳದಿ ಹೋಗಿ ಕೆಂಪು ಬರುತ್ತದೆ. ಇದನ್ನು ನೋಡದ ಮನೆ ನಮ್ಮ ಹಳ್ಳಿಗಳಲ್ಲಿಲ್ಲ. ಸುಣ್ಣ ಕರಗಿ ಕಣ್ಣಿಗೆ ಕಾಣದಂತಾದರೂ ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣದ ವಸ್ತು ಅದರ ಕ್ಷಾರಗುಣವನ್ನು ಗುರುತಿಸಿ ತನ್ನ ಬಣ್ಣವನ್ನು ಬದಲಿಸುತ್ತದೆ. ಮಣ್ಣು ಮತ್ತು ನೀರು ಪರೀಕ್ಷಾಲಯಗಳಲ್ಲಿ ಬೋರಾನ್ ಅಂಶವನ್ನು ಅಳೆಯಲು ಇದೇ ಕರ್ಕ್ಯುಮಿನ್ ಬಹುಕಾಲದಿಂದ ಬಳಕೆಯಲ್ಲಿದೆ. ಕಾಣದ ಪದಾರ್ಥವನ್ನು ಕಾಣುವ ಬಣ್ಣವಾಗಿ ಮಾಡಿ ತೋರಿಸುವ ಇಂಥ ವಸ್ತುಗಳ ಸಾಲಿಗೆ ಈಚಿನ ದಶಕಗಳಲ್ಲಿ ಇನ್ನೊಂದು ಬಗೆ ಸೇರಿದೆ. ನೀರಿನಲ್ಲಿ ಕರಗಿರುವ ಲೋಹವನ್ನು ಹಿಡಿದುಕೊಂಡು ಅತಿನೇರಳೆ ದೀಪದ ಕೆಳಗೆ ಬೆಳಗುವ ಅಣುಗಳು ಅವು. ವಿಜ್ಞಾನಿಗಳು ಅವನ್ನು ಪ್ರತಿದೀಪ್ತ ಶೋಧಕಗಳೆಂದು ಕರೆಯುತ್ತಾರೆ. ಇವು ಕೆಲಸ ಮಾಡುವ ರೀತಿ, ಇವುಗಳಿಂದ ಬೇಸಾಯಗಾರರಿಗೆ ಆಗಬಹುದಾದ ಪ್ರಯೋಜನ ಮತ್ತು ಇವುಗಳ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ತಿಳಿನೀರೆಲ್ಲ ಒಳ್ಳೆಯ ನೀರಲ್ಲ

ನೀರು ಉಪ್ಪಾಗಿದ್ದರೆ ನಾಲಗೆಗೆ ತಿಳಿಯುತ್ತದೆ. ಕೊಳೆತಿದ್ದರೆ ಮೂಗಿಗೆ ತಿಳಿಯುತ್ತದೆ. ಕೆಸರಾಗಿದ್ದರೆ ಕಣ್ಣಿಗೆ ತಿಳಿಯುತ್ತದೆ. ಆದರೆ ಕ್ಯಾಡ್ಮಿಯಂ, ಸೀಸ, ಪಾದರಸ ಮುಂತಾದ ಲೋಹಗಳು ಅಪಾಯಕರ ಪ್ರಮಾಣದಲ್ಲಿ ಕರಗಿದ್ದರೂ ನೀರು ಕನ್ನಡಿಯಂತೆ ತಿಳಿಯಾಗಿಯೇ ಇರಬಲ್ಲದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಬೇರೆ ರುಚಿಯೂ ಇಲ್ಲ. ಹೀಗೆ ಕರಗಿದ ಲೋಹದ ಕಣಗಳು ವಿದ್ಯುದಂಶವನ್ನು ಹೊತ್ತಿರುತ್ತವೆ. ಅವುಗಳಿಗೆ ಅಯಾನುಗಳೆಂದು ಹೆಸರು.

ಈ ಮಾತಿನ ಗಂಭೀರತೆಯನ್ನು ಜಪಾನಿನ ಒಂದು ನದಿಯ ಬಯಲು ಜಗತ್ತಿಗೆ ತಿಳಿಸಿಕೊಟ್ಟಿತು. ಅಲ್ಲಿನ ತೊಯಾಮಾ ಪ್ರಾಂತದಲ್ಲಿ ಜಿಂಜು ಎಂಬ ನದಿ ಹರಿಯುತ್ತದೆ. ನದಿಯ ಮೇಲ್ಭಾಗದಲ್ಲಿ ಕಾಮಿಯೋಕಾ ಎಂಬ ಸತು ಮತ್ತು ಸೀಸದ ಗಣಿಯಿತ್ತು. ಸತುವಿನ ಅದಿರಿನೊಂದಿಗೆ ಕ್ಯಾಡ್ಮಿಯಂ ಸದಾ ಜೊತೆಯಲ್ಲೇ ಇರುತ್ತದೆ. ಗಣಿಯ ತ್ಯಾಜ್ಯದಿಂದ ಅದು ನದಿಗಿಳಿಯಿತು, ನದಿಯಿಂದ ಕಾಲುವೆಗೆ, ಕಾಲುವೆಯಿಂದ ಭತ್ತದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಬಂದಿತು. ಆ ಅನ್ನವನ್ನು ಬಹುಕಾಲ ಉಂಡವರಲ್ಲಿ, ಅದರಲ್ಲೂ ಹಲವು ಹೆರಿಗೆಗಳಾದ ನಡುವಯಸ್ಸು ದಾಟಿದ ಹೆಂಗಸರಲ್ಲಿ, ಮೂತ್ರಪಿಂಡ ಕೆಟ್ಟು ಮೂಳೆಗಳು ಮೆತ್ತಗಾದವು. ಕೆಮ್ಮಿದರೂ ಪಕ್ಕೆಲುಬು ಮುರಿಯುವಷ್ಟು ದುರ್ಬಲವಾದವು. ನೋವು ತಾಳಲಾರದೆ ಅವರು ಕೂಗುತ್ತಿದ್ದ ಮಾತೇ ರೋಗದ ಹೆಸರಾಯಿತು: ಇತಾಯ್‌-ಇತಾಯ್, ಎಂದರೆ ‘ನೋವು, ನೋವು’. ಕ್ಯಾಡ್ಮಿಯಂ ಇದಕ್ಕೆ ಕಾರಣವೆಂದು ಜಪಾನ್ ಸರ್ಕಾರ ಒಪ್ಪಿದ್ದು 1968ರಲ್ಲಿ. ಕೆಟ್ಟ ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ 1979ರಲ್ಲಿ ಆರಂಭವಾಗಿ 2012ರವರೆಗೆ ನಡೆಯಿತು. ನೀರಿನಲ್ಲಿ ಬಂದದ್ದನ್ನು ಮಣ್ಣಿನಿಂದ ತೆಗೆಯಲು ಒಂದು ತಲೆಮಾರೇ ಹಿಡಿಯಿತೆಂಬುದನ್ನು ನಾವು ಗಮನಿಸಬೇಕು.

ಒಂದು ಸಣ್ಣ ಲೆಕ್ಕ

ನೀರಾವರಿ ನೀರಿನಲ್ಲಿ ಕ್ಯಾಡ್ಮಿಯಂ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಇದು ಎಷ್ಟು ಅಲ್ಪವೆಂದು ತೋರುವುದು ಸಹಜ. ಆದರೆ ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಲು ಸುಮಾರು 1 ಲಕ್ಷ ಲೀಟರ್ ನೀರು ಬೇಕು. ಅಷ್ಟು ನೀರಿನಲ್ಲಿ ಈ ಮಿತಿಯಷ್ಟೇ ಲೋಹವಿದ್ದರೂ 1 ಗ್ರಾಂ ಕ್ಯಾಡ್ಮಿಯಂ ಜಮೀನಿಗೆ ಬಂತು. ಭತ್ತದ ಒಂದು ಬೆಳೆಗೆ 48 ಅಂಗುಲ ನೀರು ಹಾಯಿಸಿದರೆ 48 ಗ್ರಾಂ. ಹೀಗೆಯೇ ವರ್ಷಕ್ಕೊಂದು ಬೆಳೆಯಂತೆ 20 ವರ್ಷ ನಡೆದರೆ ಎಕರೆಗೆ ಒಂದು ಕಿಲೋಗ್ರಾಂಗೆ ಹತ್ತಿರ. ನೀರು ಆವಿಯಾಗುತ್ತದೆ, ಬಸಿದುಹೋಗುತ್ತದೆ. ಲೋಹದ ಬಹುಭಾಗ ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಆದ್ದರಿಂದ ಲೋಹದ ವಿಷಯದಲ್ಲಿ ಮಿತಿಗಿಂತ ಕಡಿಮೆಯಿದ್ದಷ್ಟೂ ಒಳ್ಳೆಯದು, ಎಷ್ಟು ಬೇಗ ಪತ್ತೆಯಾದರೆ ಅಷ್ಟೂ ಒಳ್ಳೆಯದು.

ನಮ್ಮ ನಾಡಿನಲ್ಲೂ ಈ ಎಚ್ಚರ ಅಗತ್ಯವಾಗಿದೆ. ಬೆಂಗಳೂರಿನ ಕೊಳಚೆಯನ್ನೂ ಕೈಗಾರಿಕೆಗಳ ತ್ಯಾಜ್ಯವನ್ನೂ ಹೊತ್ತ ವೃಷಭಾವತಿ ನದಿಯ ನೀರು ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ತಲುಪಿ, ಅದರ ಕೆಳಗಿನ ಜಮೀನುಗಳಿಗೆ ಬಹುಕಾಲ ಹರಿದಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳನ್ನು ತುಂಬಿಸುತ್ತಿದೆ. ಎರಡನೆಯ ಹಂತದ ಸಂಸ್ಕರಣೆ ಮುಖ್ಯವಾಗಿ ಕೊಳೆಯುವ ಪದಾರ್ಥವನ್ನು ತೆಗೆಯಲು ಏರ್ಪಟ್ಟದ್ದು. ಲೋಹದ ಒಂದು ಪಾಲು ರಾಡಿಯೊಡನೆ ತಳಕ್ಕಿಳಿಯುವುದು ನಿಜವಾದರೂ ಲೋಹ ತೆಗೆಯುವುದೇ ಅದರ ಗುರಿಯಲ್ಲ. ಇಂಥ ನೀರನ್ನು ಬಳಸಲೇಬಾರದೆಂದು ಇದರ ಅರ್ಥವಲ್ಲ. ಕಾಲಕಾಲಕ್ಕೆ ಪರೀಕ್ಷಿಸಿ ಬಳಸಬೇಕೆಂದು ಅರ್ಥ. ಪರೀಕ್ಷೆ ಸುಲಭವೂ ಅಗ್ಗವೂ ಆದರೆ ಮಾತ್ರ ಅದು ಪದೇ ಪದೇ ನಡೆಯಲು ಸಾಧ್ಯ. ಬೆಳಗುವ ಅಣುಗಳ ಮಹತ್ವ ಇರುವುದು ಇಲ್ಲಿಯೇ.

ಬೆಳಗುವುದೆಂದರೇನು?

ಕೆಲವು ವಸ್ತುಗಳು ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ, ಆ ಶಕ್ತಿಯ ಒಂದಂಶವನ್ನು ಕಣ್ಣಿಗೆ ಕಾಣುವ ಬೆಳಕಾಗಿ ತಕ್ಷಣವೇ ಹಿಂದಕ್ಕೆ ಕೊಡುತ್ತವೆ. ಈ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಮಲೇರಿಯಾ ಔಷಧಿಯಾದ ಕ್ವಿನೈನಿನ ದ್ರಾವಣ ನೀಲಿಯಾಗಿ ಹೊಳೆಯುವುದನ್ನು ಪರಿಶೀಲಿಸಿ ಇದರ ಮರ್ಮವನ್ನು 1852ರಲ್ಲಿ ವಿವರಿಸಿದವರು ಬ್ರಿಟನ್ನಿನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್. ನೋಟು ಪರೀಕ್ಷಿಸುವ ಅತಿನೇರಳೆ ದೀಪದ ಕೆಳಗೆ ಬಿಳಿ ಅಂಗಿ ನೀಲಿಯಾಗಿ ಹೊಳೆಯುವುದು ಬಟ್ಟೆ ಸೋಪಿನ ಪುಡಿಯಲ್ಲಿ ಸೇರಿಸಿರುವ ಇಂಥದೇ ವಸ್ತುವಿನಿಂದ. ಸ್ಪಿರಿಟಿನಲ್ಲಿ ಕದಡಿದ ಅರಿಶಿನವೂ ಅದೇ ದೀಪಕ್ಕೆ ಹಸಿರು ಮಿಶ್ರಿತ ಹಳದಿಯಾಗಿ ಬೆಳಗುತ್ತದೆ.

ಕಡಲೆಕಾಯಿ ವ್ಯಾಪಾರದಲ್ಲಿ ಈ ಗುಣದ ಉಪಯೋಗ ಹಳೆಯದು. ಬೂಸ್ಟು ಹಿಡಿದ ಬೀಜದಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷದಲ್ಲಿ ‘ಬಿ’ ಗುಂಪಿನದು ನೀಲಿಯಾಗಿಯೂ ‘ಜಿ’ ಗುಂಪಿನದು ಹಸಿರಾಗಿಯೂ ಬೆಳಗುತ್ತವೆ. ಆ ಅಕ್ಷರಗಳು ಇಂಗ್ಲಿಷಿನ ಬ್ಲೂ ಮತ್ತು ಗ್ರೀನ್ ಪದಗಳಿಂದಲೇ ಬಂದವು. ಬೆಳಕಿನಿಂದ ವಿಷವನ್ನು ಗುರುತಿಸುವುದು ಕೃಷಿಗೆ ಹೊಸ ವಿಚಾರವಲ್ಲವೆಂದು ಇದರಿಂದ ತಿಳಿಯುತ್ತದೆ. ಆದರೆ ಕ್ಯಾಡ್ಮಿಯಂ, ಸೀಸ, ಸತು, ತಾಮ್ರಗಳ ಅಯಾನುಗಳು ನೀರಿನಲ್ಲಿ ತಾವಾಗಿ ಹೀಗೆ ಬೆಳಗುವುದಿಲ್ಲ. ಅವುಗಳ ಪರವಾಗಿ ಬೆಳಗಲು ಬೇರೊಂದು ಅಣು ಬೇಕು.

ಹಿಡಿಯುವ ಭಾಗ, ಬೆಳಗುವ ಭಾಗ

ಶೋಧಕ ಅಣುವಿನಲ್ಲಿ ಮುಖ್ಯವಾಗಿ ಎರಡು ಭಾಗಗಳಿರುತ್ತವೆ. ಒಂದು ಲೋಹವನ್ನು ಹಿಡಿಯುವ ಭಾಗ. ಇನ್ನೊಂದು ಬೆಳಗುವ ಭಾಗ. ಎರಡನ್ನೂ ಒಂದು ಸಣ್ಣ ಕೊಂಡಿ ಜೋಡಿಸಿರುತ್ತದೆ.

ಹಿಡಿಯುವ ಭಾಗ ರೈತರಿಗೆ ಅಪರಿಚಿತವಲ್ಲ. ಲಘುಪೋಷಕಾಂಶಗಳ ಅಂಗಡಿಯಲ್ಲಿ ದೊರೆಯುವ ಚಿಲೇಟೆಡ್ ಜಿಂಕ್‌ನಲ್ಲಿ ಸತುವಿನ ಅಯಾನನ್ನು ಒಂದು ದೊಡ್ಡ ಅಣು ಎಲ್ಲ ಕಡೆಯಿಂದ ತಬ್ಬಿ ಹಿಡಿದಿರುತ್ತದೆ. ಚಿಲೇಟ್ ಎಂಬ ಮಾತು ಏಡಿಯ ಇಕ್ಕಳದಂಥ ಮುಂಗಾಲಿಗೆ ಗ್ರೀಕ್ ಭಾಷೆಯಲ್ಲಿರುವ ಪದದಿಂದ ಬಂದದ್ದು. ಗದ್ದೆಯ ಏಡಿ ಸಿಕ್ಕಿದ್ದನ್ನು ಎರಡು ಕಡೆಯಿಂದ ಅಮುಕಿ ಹಿಡಿಯುವಂತೆ ಈ ಅಣು ಲೋಹವನ್ನು ಹಿಡಿಯುತ್ತದೆ. ಶೋಧಕದಲ್ಲೂ ಇದೇ ಏರ್ಪಾಡು.

ಯಾವ ಲೋಹವನ್ನು ಹಿಡಿಯಬೇಕೆಂಬುದನ್ನು ಹಿಡಿತದ ಅಳತೆ ಮತ್ತು ಅದರಲ್ಲಿರುವ ಪರಮಾಣುಗಳು ನಿರ್ಧರಿಸುತ್ತವೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳಿಗೆ ಆಮ್ಲಜನಕದ ನಂಟು ಹೆಚ್ಚು. ಸತು ಮತ್ತು ತಾಮ್ರ ಸಾರಜನಕವನ್ನು ಚೆನ್ನಾಗಿ ಹಿಡಿಯುತ್ತವೆ. ಪಾದರಸ, ಕ್ಯಾಡ್ಮಿಯಂ, ಸೀಸಗಳಿಗೆ ಗಂಧಕದ ಮೇಲೆ ಒಲವು. ಪಾದರಸದ ಅದಿರಾದ ಇಂಗಲೀಕ ಗಂಧಕದೊಡನೆ ಕೂಡಿದ ಪಾದರಸವೇ ಆಗಿದೆ ಎಂಬುದನ್ನು ನೆನೆದರೆ ಈ ನಂಟು ಎಷ್ಟು ಗಟ್ಟಿಯೆಂದು ತಿಳಿಯುತ್ತದೆ. ರಸಾಯನ ವಿಜ್ಞಾನಿ ತನಗೆ ಬೇಕಾದ ಲೋಹಕ್ಕೆ ತಕ್ಕಂತೆ ಈ ಪರಮಾಣುಗಳನ್ನು ಆರಿಸಿ, ತಕ್ಕ ಅಳತೆಯ ಹಿಡಿತವನ್ನು ಕಟ್ಟುತ್ತಾನೆ.

ಕಾಲುವೆಯ ಹೋಲಿಕೆ

ಲೋಹ ಸಿಕ್ಕಿದೊಡನೆ ಅಣು ಬೆಳಗುವುದು ಏಕೆ? ಅತಿನೇರಳೆ ದೀಪದಿಂದ ಬಂದ ಶಕ್ತಿಯನ್ನು ಕಾಲುವೆಗೆ ಬಿಟ್ಟ ನೀರೆಂದು ಭಾವಿಸೋಣ. ನೀರು ಕೊನೆಯ ಮಡಿಯನ್ನು ಮುಟ್ಟಿದರೆ ಅಣು ಬೆಳಗಿತೆಂದು ಲೆಕ್ಕ. ಕಾಲುವೆಯ ದಡದಲ್ಲಿ ಇಲಿ ತೋಡಿದ ಬಿಲವೊಂದಿದೆ. ನೀರೆಲ್ಲ ಅದರಲ್ಲಿ ಸೋರಿ ಕೊನೆಯ ಮಡಿ ಒಣಗಿರುತ್ತದೆ. ಆ ಬಿಲಕ್ಕೆ ಹೆಂಟೆಯೊಂದನ್ನು ಮೆಟ್ಟಿ ಮುಚ್ಚಿದರೆ ನೀರು ಕೊನೆಯವರೆಗೆ ಹರಿಯುತ್ತದೆ.

ಶೋಧಕದಲ್ಲಿ ನಡೆಯುವುದು ಇದೇ. ಹಿಡಿಯುವ ಭಾಗದ ಸಾರಜನಕದಲ್ಲಿ ಬಿಡುವಾಗಿರುವ ಎಲೆಕ್ಟ್ರಾನುಗಳಿರುತ್ತವೆ. ಬೆಳಗುವ ಭಾಗ ಬೆಳಕನ್ನು ಹೀರಿದಾಗ ಅವುಗಳಲ್ಲೊಂದು ಅತ್ತ ಜಿಗಿದು ಶಕ್ತಿ ಸೋರಿಹೋಗಲು ದಾರಿ ಮಾಡುತ್ತದೆ. ಅಣು ಕತ್ತಲಾಗಿಯೇ ಉಳಿಯುತ್ತದೆ. ಲೋಹದ ಅಯಾನು ಬಂದು ಕುಳಿತಾಗ ಆ ಎಲೆಕ್ಟ್ರಾನುಗಳನ್ನು ತನ್ನತ್ತ ಬಿಗಿದುಕೊಳ್ಳುತ್ತದೆ. ಸೋರುವ ದಾರಿ ಮುಚ್ಚುತ್ತದೆ. ಶಕ್ತಿಯು ಬೆಳಕಾಗಿ ಹೊರಬರುತ್ತದೆ. ಈ ತತ್ತ್ವವನ್ನು ಬಳಸಿ ಹಲವು ಶೋಧಕಗಳನ್ನು ರೂಪಿಸಿದವರಲ್ಲಿ ಶ್ರೀಲಂಕಾದಲ್ಲಿ ಹುಟ್ಟಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಸಂಶೋಧನೆ ನಡೆಸಿದ ಎ. ಪಿ. ಡಿಸಿಲ್ವಾ ಪ್ರಮುಖರು.

ಎಲ್ಲ ಲೋಹಗಳೂ ಹೀಗೆ ದೀಪ ಹಚ್ಚುವುದಿಲ್ಲ. ತಾಮ್ರದ ಅಯಾನು ಬಿಲ ಮುಚ್ಚುವ ಬದಲು ಹೊಸ ಬಿಲವನ್ನೇ ತೆರೆಯುತ್ತದೆ. ಬೆಳಗುತ್ತಿದ್ದ ಅಣುವೂ ಅದರ ಸಂಗದಲ್ಲಿ ಸಾಮಾನ್ಯವಾಗಿ ನಂದುತ್ತದೆ. ಆದ್ದರಿಂದ ಶೋಧಕಗಳಲ್ಲಿ ಲೋಹ ಬಂದಾಗ ಹೊತ್ತುವವು, ಲೋಹ ಬಂದಾಗ ನಂದುವವು, ಲೋಹ ಬಂದಾಗ ಬೆಳಕಿನ ಬಣ್ಣ ಬದಲಿಸುವವು ಎಂದು ಮೂರು ಬಗೆ ಉಂಟು. ನಂದುವ ಬಗೆಗಿಂತ ಹೊತ್ತುವ ಬಗೆ ಹೆಚ್ಚು ನಂಬಿಕೆಗೆ ತಕ್ಕದ್ದು. ದೀಪ ನಂದಲು ನೂರು ಕಾರಣಗಳಿರಬಹುದು, ಹೊತ್ತಲು ಕಾರಣಗಳು ಕಡಿಮೆ.

ಬೆಳೆದು ಬಂದ ಬಗೆ

ಈ ವಿದ್ಯೆಯ ಮೊದಲ ಹೆಜ್ಜೆ ಒಂದು ಮರದ ಬಣ್ಣದಿಂದ ಆರಂಭವಾಯಿತು. ಹಿಪ್ಪುನೇರಳೆಯ ಕುಟುಂಬಕ್ಕೆ ಸೇರಿದ ಒಂದು ಮರದ ತಿರುಳಿನಲ್ಲಿ ಮೊರಿನ್ ಎಂಬ ಹಳದಿ ಬಣ್ಣವಿದೆ. ಅಲ್ಯೂಮಿನಿಯಂ ಸೇರಿದಾಗ ಮೊರಿನ್ ಹಸಿರಾಗಿ ಬೆಳಗುತ್ತದೆ. ಅಲ್ಯೂಮಿನಿಯಂ ಗುರುತಿಸಲು ಇದನ್ನು ಬಳಸಬಹುದೆಂದು 1867ರಲ್ಲಿ ತೋರಿಸಿದವರು ಸ್ವಿಟ್ಜರ್ಲೆಂಡಿನ ಫ್ರೆಡ್ರಿಕ್ ಗೊಪ್ಪೆಲ್ಸ್‌ರೋಡರ್. ಹುಳಿಮಣ್ಣುಗಳಲ್ಲಿ ಬೇರನ್ನು ಕುಗ್ಗಿಸುವುದು ಕರಗಿದ ಅಲ್ಯೂಮಿನಿಯಮ್ಮೇ ಆದ್ದರಿಂದ ಮಲೆನಾಡು, ಕರಾವಳಿಗಳ ರೈತರಿಗೆ ಈ ಲೋಹ ಹೊಸದಲ್ಲ.

ಅನಂತರದ ದೊಡ್ಡ ಹೆಜ್ಜೆ ಬಂದದ್ದು ಜೀವಕೋಶಗಳ ಅಧ್ಯಯನದಿಂದ. ರೋಜರ್ ಸಿಯೆನ್ ಎಂಬ ವಿಜ್ಞಾನಿ ಕೋಶದೊಳಗಿನ ಕ್ಯಾಲ್ಸಿಯಂ ಏರಿಳಿತವನ್ನು ಬೆಳಕಿನಿಂದ ಅಳೆಯಬಲ್ಲ ಅಣುಗಳನ್ನು 1980ರ ದಶಕದಲ್ಲಿ ತಯಾರಿಸಿದರು. ಅದರಲ್ಲಿ 1985ರಲ್ಲಿ ಪ್ರಕಟವಾದ ಫ್ಯೂರಾ-2 ಎಂಬುದು ಪ್ರಸಿದ್ಧವಾದದ್ದು. 1997ರಲ್ಲಿ ಅಮೆರಿಕದ ಆಂಟನಿ ಜಾರ್ನಿಕ್ ಮತ್ತು ಸಂಗಡಿಗರು ರೋಡಮೈನ್ ಎಂಬ ಗುಲಾಬಿ ಬಣ್ಣವನ್ನು ಬೀಗ ಹಾಕಿದಂತೆ ಬಣ್ಣವಿಲ್ಲದ ರೂಪಕ್ಕೆ ತಂದು, ತಾಮ್ರವೇ ಆ ಬೀಗವನ್ನು ತೆರೆಯುವಂತೆ ಮಾಡಿದರು. ತಾಮ್ರ ಸೇರಿದಾಗ ದ್ರಾವಣ ಗುಲಾಬಿಯಾಗುವುದಲ್ಲದೆ ಬೆಳಗಲೂ ಆರಂಭಿಸಿತು. ಇದೇ ಮಾದರಿಯಲ್ಲಿ ಪಾದರಸ ಮೊದಲಾದ ಲೋಹಗಳಿಗೂ ಅನೇಕ ಶೋಧಕಗಳು ಬಂದಿವೆ. ನಮ್ಮ ದೇಶದ ವಿಶ್ವವಿದ್ಯಾಲಯಗಳ ರಸಾಯನ ವಿಭಾಗಗಳಲ್ಲೂ ಈ ಕೆಲಸ ನಡೆಯುತ್ತಿದೆ.

ಒಂದು ಎಚ್ಚರಿಕೆಯ ಮಾತು. ಮಿಠಾಯಿಗೆ ಹಾಕುತ್ತಾರೆಂಬ ಕಾರಣಕ್ಕೆ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಕ್ರಮ ಕೈಗೊಂಡದ್ದು ಇದೇ ರೋಡಮೈನ್ ಬಣ್ಣದ ಮೇಲೆ. ಶೋಧಕಗಳು ಪರೀಕ್ಷೆಯ ಸಾಮಗ್ರಿಗಳೇ ಹೊರತು ನೀರು ಶುದ್ಧಿ ಮಾಡುವ ಮದ್ದಲ್ಲ. ಇವನ್ನು ತೆಗೆದಿಟ್ಟ ಮಾದರಿ ನೀರಿಗೆ ಮಾತ್ರ ಹಾಕಬೇಕು. ಬಾವಿಗೆ, ತೊಟ್ಟಿಗೆ ಎಂದೂ ಹಾಕಬಾರದು.

ತಾನೇ ಬೆಳಗುವ ಒಂದು ಲೋಹ

ಬೆಳಕಿನಿಂದ ಲೋಹವನ್ನು ಅಳೆಯುವ ಕೆಲಸ ನಮ್ಮ ಕೊಳವೆಬಾವಿಗಳಲ್ಲಿ ಈಗಾಗಲೇ ನಡೆಯುತ್ತಿರುವ ಒಂದು ಸಂದರ್ಭವುಂಟು. ಅದು ಯುರೇನಿಯಂ. ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಪೂರ್ವದ ಜಿಲ್ಲೆಗಳ ಆಳದ ಗ್ರಾನೈಟ್ ಕಲ್ಲುಗಳಲ್ಲಿ ಈ ಲೋಹ ಸಹಜವಾಗಿದೆ. ಕಲ್ಲಿನ ಬಿರುಕುಗಳಲ್ಲಿ ನಿಂತ ನೀರು ಅದನ್ನು ಕರಗಿಸಿಕೊಂಡು ಬರುತ್ತದೆ. ಅಲ್ಲಿನ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಅದು ಮಿತಿಗಿಂತ ಹೆಚ್ಚಾಗಿರುವುದು ಕಂಡುಬಂದಿದೆ. ಕುಡಿಯುವ ನೀರಿನಲ್ಲಿ ಯುರೇನಿಯಂ ಲೀಟರಿಗೆ 0.03 ಮಿಲಿಗ್ರಾಂ ಮೀರಬಾರದು. ಹೆಚ್ಚಾದರೆ ಮೂತ್ರಪಿಂಡಕ್ಕೆ ಹಾನಿ.

ಕರಗಿದ ಯುರೇನಿಯಂ ಆಮ್ಲಜನಕದೊಡನೆ ಕೂಡಿ ಯುರೇನೈಲ್ ಎಂಬ ರೂಪದಲ್ಲಿರುತ್ತದೆ. ಇದು ಅತಿನೇರಳೆ ಕಿರಣಕ್ಕೆ ತಾನೇ ಹಸಿರಾಗಿ ಬೆಳಗುತ್ತದೆ. ನೀರಿನಲ್ಲಿ ಈ ಬೆಳಕು ಮಂದವಾದುದರಿಂದ ಸೋಡಿಯಂ ಪೈರೋಫಾಸ್ಫೇಟ್ ಸೇರಿಸಿ ಅದನ್ನು ಗಟ್ಟಿಗೊಳಿಸುತ್ತಾರೆ. ಅನಂತರ ಅತಿನೇರಳೆ ಬೆಳಕನ್ನು ಮಿಡಿಸುವ ಸಣ್ಣ ಯಂತ್ರದಲ್ಲಿಟ್ಟು ಅಳೆಯುತ್ತಾರೆ. ಲೀಟರಿಗೆ 1 ಮೈಕ್ರೊಗ್ರಾಂ, ಎಂದರೆ ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಇದ್ದರೂ ಇದರಿಂದ ತಿಳಿಯುತ್ತದೆ. ನೀರನ್ನು ಕುದಿಸುವುದರಿಂದ ಯುರೇನಿಯಂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಆರ್.ಓ. ಯಂತ್ರದಿಂದ ಅದನ್ನು ತೆಗೆಯಬಹುದು.

ಶೋಧಕಗಳ ಮಿತಿ

ಇಷ್ಟೆಲ್ಲ ಅನುಕೂಲಗಳಿದ್ದರೂ ಶೋಧಕದ ಬೆಳಕನ್ನು ಕೊನೆಯ ತೀರ್ಪೆಂದು ತಿಳಿಯಬಾರದು. ಅದಕ್ಕೆ ಕಾರಣಗಳಿವೆ.

ಮೊದಲನೆಯದು, ಸತು ಮತ್ತು ಕ್ಯಾಡ್ಮಿಯಂ ಒಂದೇ ಕುಟುಂಬದ ಲೋಹಗಳು. ಸತುವಿಗೆಂದು ಮಾಡಿದ ಅನೇಕ ಶೋಧಕಗಳು ಕ್ಯಾಡ್ಮಿಯಂ ಬಂದರೂ ಬೆಳಗುತ್ತವೆ. ಸತು ಬೆಳೆಗೆ ಬೇಕಾದ ಪೋಷಕಾಂಶ. ಅದರ ಕೊರತೆಯಾದರೆ ಭತ್ತದ ಎಲೆಗಳಲ್ಲಿ ತುಕ್ಕಿನ ಬಣ್ಣದ ಚುಕ್ಕೆಗಳು ಬಿದ್ದು ಬೆಳವಣಿಗೆ ಕುಂಠಿತವಾಗುತ್ತದೆ. ಕ್ಯಾಡ್ಮಿಯಂ ಹಾಗಲ್ಲ, ಅದು ಬೆಳೆಗೂ ಬೇಡ, ಮನುಷ್ಯನಿಗೂ ಬೇಡ. ಪೋಷಕಾಂಶ ಯಾವುದು, ವಿಷ ಯಾವುದು ಎಂದು ಬೆಳಕೊಂದೇ ಯಾವಾಗಲೂ ಹೇಳಲಾರದು.

ಎರಡನೆಯದು, ಶೋಧಕ ಹಿಡಿಯುವುದು ಬಿಡಿಯಾಗಿ ಕರಗಿರುವ ಅಯಾನನ್ನು ಮಾತ್ರ. ಕೆಸರಿನ ಕಣಕ್ಕೋ ಕೊಳೆತ ಪದಾರ್ಥಕ್ಕೋ ಅಂಟಿರುವ ಲೋಹ ಅದರ ಹಿಡಿತಕ್ಕೆ ಸಿಕ್ಕುವುದಿಲ್ಲ. ಆದರೆ ಆ ಲೋಹವೂ ನೀರಿನೊಡನೆ ಜಮೀನಿಗೆ ಬರುತ್ತದೆ.

ಮೂರನೆಯದು, ಕೆರೆಯ ನೀರಿನಲ್ಲಿ ಕೊಳೆತ ಎಲೆ, ಗೊಬ್ಬರಗಳ ಸತ್ತ್ವ ಇದ್ದರೆ ಅದೂ ಅತಿನೇರಳೆ ದೀಪಕ್ಕೆ ನಸುನೀಲಿಯಾಗಿ ಹೊಳೆಯುತ್ತದೆ. ಬಟ್ಟೆ ಒಗೆದ ನೀರು ಸೇರಿದ್ದರೆ ಸೋಪಿನ ಪುಡಿಯ ಹೊಳಪು ಸೇರುತ್ತದೆ. ಆದ್ದರಿಂದ ಶೋಧಕ ಹಾಕದ ಅದೇ ನೀರನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕು.

ನಾಲ್ಕನೆಯದು, ನೀರಿನ ರಸಸಾರ ಬದಲಾದರೆ ಬೆಳಕೂ ಬದಲಾಗುತ್ತದೆ. ಹುಳಿನೀರಿನಲ್ಲಿ ಹಿಡಿಯುವ ಭಾಗಕ್ಕೆ ಹೈಡ್ರೊಜನ್ ಅಂಟಿಕೊಂಡು ಲೋಹವಿಲ್ಲದೆಯೂ ದೀಪ ಹೊತ್ತಬಹುದು. ರಸಸಾರವನ್ನು ಒಂದೇ ಮಟ್ಟದಲ್ಲಿಡುವ ದ್ರಾವಣವನ್ನು ಮೊದಲು ಸೇರಿಸುವುದು ಇದಕ್ಕಾಗಿ.

ಐದನೆಯದು, ತಾಮ್ರ ಕೂಡಿದ್ದರೆ ಇತರ ಲೋಹಗಳ ಬೆಳಕನ್ನು ಅದು ನಂದಿಸಬಹುದು. ದ್ರಾಕ್ಷಿ, ಅಡಿಕೆ ತೋಟಗಳಿಗೆ ಬೋರ್ಡೊ ದ್ರಾವಣ ಸಿಂಪಡಿಸುವ ಕಡೆ ಪೀಪಾಯಿ ತೊಳೆದ ನೀರು ಬಾವಿಯ ಸುತ್ತ ಹರಿದಿದ್ದರೆ ಇದನ್ನು ನೆನಪಿಡಬೇಕು. ಕತ್ತಲಾಗಿ ಉಳಿದ ಸೀಸೆ ಶುದ್ಧ ನೀರಿನ ಸಾಕ್ಷಿಯಲ್ಲ.

ಆದ್ದರಿಂದ ಶೋಧಕವನ್ನು ಜರಡಿಯಂತೆ ಬಳಸಬೇಕು. ನೂರು ಬಾವಿಗಳಲ್ಲಿ ಅನುಮಾನದ ಹತ್ತನ್ನು ಬೇರ್ಪಡಿಸಲು ಅದು ನೆರವಾಗುತ್ತದೆ. ಆ ಹತ್ತರ ನಿಜವಾದ ಪ್ರಮಾಣವನ್ನು ತಿಳಿಯಲು ಪರಮಾಣು ಹೀರಿಕೆ ಮಾಪಕ ಅಥವಾ ಐ.ಸಿ.ಪಿ. ಯಂತ್ರವಿರುವ ಪ್ರಯೋಗಾಲಯಕ್ಕೆ ಕಳುಹಿಸಲೇಬೇಕು.

ಮಿತಿಗಳನ್ನು ಓದುವ ಬಗೆ

ಪ್ರಯೋಗಾಲಯದ ವರದಿ ಕೈಗೆ ಬಂದಾಗ ಹೋಲಿಸಲು ಕೆಲವು ಅಂಕಿಗಳು ಇಲ್ಲಿವೆ. ನೀರಾವರಿಯ ಅಂಕಿ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಯದು. ಕುಡಿಯುವ ನೀರಿನದು ಭಾರತೀಯ ಮಾನಕ ಬ್ಯೂರೋ 2012ರಲ್ಲಿ ನಿಗದಿಪಡಿಸಿದ್ದು. ಎಲ್ಲವೂ ಲೀಟರಿಗೆ ಮಿಲಿಗ್ರಾಂಗಳಲ್ಲಿ.

ಕ್ಯಾಡ್ಮಿಯಂ: ನೀರಾವರಿಗೆ 0.01, ಕುಡಿಯಲು 0.003
ಸೀಸ: ನೀರಾವರಿಗೆ 5.0, ಕುಡಿಯಲು 0.01
ಕ್ರೋಮಿಯಂ: ನೀರಾವರಿಗೆ 0.10, ಕುಡಿಯಲು 0.05
ನಿಕ್ಕಲ್: ನೀರಾವರಿಗೆ 0.20, ಕುಡಿಯಲು 0.02
ಸತು: ನೀರಾವರಿಗೆ 2.0, ಕುಡಿಯಲು 5.0

ಇದರಲ್ಲಿ ಎರಡು ಸಂಗತಿಗಳು ಗಮನಾರ್ಹ. ಸೀಸಕ್ಕೆ ನೀರಾವರಿಯ ಮಿತಿ ಕುಡಿಯುವ ನೀರಿನ ಮಿತಿಗಿಂತ 500 ಪಟ್ಟು ಹೆಚ್ಚಾಗಿದೆ. ಸೀಸವನ್ನು ಮಣ್ಣು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ಬೆಳೆಗೆ ಹೋಗುವುದು ಕಡಿಮೆ. ಆದ್ದರಿಂದ ಬೆಳೆಗೆ ತಕ್ಕ ನೀರು ಕುಡಿಯಲೂ ತಕ್ಕದ್ದೆಂದು ಎಣಿಸಬಾರದು. ಪಂಪ್‌ಸೆಟ್ ಬಳಿ ಕೂಲಿಯವರೂ ದನಕರುಗಳೂ ಕುಡಿಯುವುದು ಅದೇ ನೀರನ್ನಲ್ಲವೇ? ಸತುವಿನದು ಇದಕ್ಕೆ ವಿರುದ್ಧ. ಮನುಷ್ಯನಿಗಿಂತ ಮೊದಲು ಬೆಳೆಗೆ ತೊಂದರೆ.

ಮಾದರಿ ತೆಗೆಯುವ ಕ್ರಮ

ಮಾದರಿ ತಪ್ಪಾದರೆ ಯಾವ ಅಣುವೂ ಯಾವ ಯಂತ್ರವೂ ಸರಿಯಾದ ಉತ್ತರ ಕೊಡಲಾರದು. ಈ ಕ್ರಮವನ್ನು ಅನುಸರಿಸುವುದು ಒಳ್ಳೆಯದು.

1. ಒಳ್ಳೆಯ ಪ್ಲಾಸ್ಟಿಕ್ ಸೀಸೆ ಬಳಸಿ. ತಾಮ್ರ, ಹಿತ್ತಾಳೆ, ತಗಡಿನ ಪಾತ್ರೆ ಬೇಡ. ಔಷಧಿ, ಗೊಬ್ಬರಗಳ ಹಳೆಯ ಡಬ್ಬವಂತೂ ಖಂಡಿತ ಬೇಡ.
2. ಕೊಳವೆಬಾವಿಯಾದರೆ ಪಂಪನ್ನು ಹತ್ತು ನಿಮಿಷ ಓಡಿಸಿದ ಮೇಲೆ ನೀರು ಹಿಡಿಯಿರಿ. ಕೊಳವೆಯಲ್ಲಿ ನಿಂತ ನೀರಿನಲ್ಲಿ ಕೊಳವೆಯ ಲೋಹವೇ ಸೇರಿರಬಹುದು.
3. ಕೆರೆ ಅಥವಾ ಕಾಲುವೆಯಾದರೆ ದಡದಿಂದ ದೂರದಲ್ಲಿ, ತಳದ ಕೆಸರು ಕದಡದಂತೆ, ಮೇಲಿನ ನೊರೆಯನ್ನು ಬಿಟ್ಟು ತೆಗೆಯಿರಿ.
4. ಸೀಸೆಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿಸಿ.
5. ಎರಡು ಸೀಸೆ ಮಾಡಿ. ಶೋಧಕದ ಪರೀಕ್ಷೆಗೆ ಇಡುವ ನೀರಿಗೆ ಆಮ್ಲ ಸೇರಿಸಬಾರದು. ಯಂತ್ರದ ಪರೀಕ್ಷೆಗೆ ಕಳುಹಿಸುವ ನೀರಿಗೆ, ಲೋಹ ಸೀಸೆಯ ಗೋಡೆಗೆ ಅಂಟದಂತೆ, ನೈಟ್ರಿಕ್ ಆಮ್ಲ ಸೇರಿಸುವುದುಂಟು. ಇದನ್ನು ಪ್ರಯೋಗಾಲಯದವರೇ ಮಾಡಲಿ. ಪಾದರಸದ ಪರೀಕ್ಷೆಗೆ ಬೇರೆ ಸೀಸೆಯೇ ಬೇಕಾಗುವುದರಿಂದ ಮೊದಲೇ ಕೇಳಿಕೊಳ್ಳಿ.
6. ಊರು, ಸರ್ವೆ ನಂಬರು, ಬಾವಿಯ ಆಳ, ದಿನಾಂಕ, ಬೆಳೆ ಇವನ್ನು ಚೀಟಿಯಲ್ಲಿ ಬರೆದು ಅಂಟಿಸಿ.
7. ಸಾಮಾನ್ಯ ನೀರು ಪರೀಕ್ಷೆಯಲ್ಲಿ ಲವಣಾಂಶ, ರಸಸಾರ, ಸೋಡಿಯಂ, ಕಾರ್ಬೊನೇಟುಗಳನ್ನು ನೋಡುತ್ತಾರೆ. ಭಾರಲೋಹಗಳ ಪರೀಕ್ಷೆ ಬೇಕೆಂದು ಪ್ರತ್ಯೇಕವಾಗಿ ಬರೆದು ಕೊಡಿ.

ಮಳೆಗಾಲದ ನಂತರ ಒಮ್ಮೆ, ಬೇಸಿಗೆಯಲ್ಲಿ ನೀರು ಇಳಿದಾಗ ಒಮ್ಮೆ ಪರೀಕ್ಷಿಸಿದರೆ ಏರಿಳಿತ ತಿಳಿಯುತ್ತದೆ. ಅತಿನೇರಳೆ ದೀಪವನ್ನು ಬಳಸುವವರು ಅದನ್ನು ನೇರವಾಗಿ ಕಣ್ಣಿಗೆ ಬಿಟ್ಟುಕೊಳ್ಳಬಾರದು.

ಲೋಹ ಇದೆಯೆಂದು ಖಚಿತವಾದರೆ

ಮೊದಲು ಆ ನೀರನ್ನು ಸೊಪ್ಪು ತರಕಾರಿಗಳಿಗೆ ಹಾಯಿಸುವುದನ್ನು ನಿಲ್ಲಿಸಬೇಕು. ಪಾಲಕ್, ದಂಟು, ಮೆಂತ್ಯ, ಕೊತ್ತಂಬರಿ ಮುಂತಾದ ಸೊಪ್ಪುಗಳಲ್ಲಿ ಕ್ಯಾಡ್ಮಿಯಂ ಸೇರುವುದು ಕಾಯಿ, ಕಾಳುಗಳಿಗಿಂತ ಸಾಮಾನ್ಯವಾಗಿ ಹೆಚ್ಚು. ಬೇರಿನಿಂದ ಒಳಹೋದ ಲೋಹ ಸೊಪ್ಪನ್ನು ಎಷ್ಟು ತೊಳೆದರೂ ಹೋಗದು. ಅಂಥ ಜಮೀನಿನಲ್ಲಿ ಹೂವಿನ ಬೆಳೆ, ಮರದ ಸಸಿಗಳ ನರ್ಸರಿ ಮುಂತಾದ, ತಿನ್ನದ ಬೆಳೆಗಳತ್ತ ಯೋಚಿಸಬಹುದು.

ಮಣ್ಣು ಹುಳಿಯಾಗಿದ್ದರೆ ಮಣ್ಣು ಪರೀಕ್ಷೆಯಂತೆ ಸುಣ್ಣ ಹಾಕಿ ರಸಸಾರವನ್ನು ಏರಿಸಿದಾಗ ಕ್ಯಾಡ್ಮಿಯಂ ಬೇರಿಗೆ ಸಿಗುವುದು ಕಡಿಮೆಯಾಗುತ್ತದೆ. ಕೊಟ್ಟಿಗೆ ಗೊಬ್ಬರವೂ ಲೋಹವನ್ನು ಹಿಡಿದಿಡಲು ಸಹಾಯಕ. ಭತ್ತದ ಗದ್ದೆಯಾದರೆ ತೆನೆ ಹೊರಡುವ ಕಾಲದಲ್ಲಿ ನೀರು ನಿಲ್ಲಿಸಿದರೆ ಕಾಳಿಗೆ ಸೇರುವ ಕ್ಯಾಡ್ಮಿಯಂ ಕಡಿಮೆ. ಜಪಾನಿನಲ್ಲಿ ಈ ಪದ್ಧತಿ ಬಳಕೆಯಲ್ಲಿದೆ. ಆದರೆ ಮಣ್ಣಿನಲ್ಲಿ ಆರ್ಸೆನಿಕ್ ಇದ್ದರೆ ನೀರು ನಿಂತಷ್ಟೂ ಅದು ಹೆಚ್ಚು ಸೇರುತ್ತದೆ. ಆದ್ದರಿಂದ ಯಾವ ವಿಷ ಇದೆಯೆಂದು ಖಚಿತವಾಗಿ ತಿಳಿಯದೆ ಉಪಚಾರಕ್ಕಿಳಿಯಬಾರದು.

ನಗರದ ಕಸದ ಗೊಬ್ಬರವನ್ನು ಕೊಳ್ಳುವಾಗಲೂ ವರದಿ ಕೇಳಬೇಕು. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಕಾಂಪೋಸ್ಟಿನಲ್ಲಿ ಕಿಲೋಗ್ರಾಮಿಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100 ಮಿಲಿಗ್ರಾಂ ಮೀರುವಂತಿಲ್ಲ.

ಊರಿನವರು ಕೂಡಿ ಮಾಡಬಹುದಾದ್ದು

ಒಬ್ಬ ರೈತನಿಗೆ ಎಲ್ಲ ಪರೀಕ್ಷೆಗಳ ಖರ್ಚು ಹೊರೆಯಾದೀತು. ಒಂದೇ ಕೆರೆಯ ಅಚ್ಚುಕಟ್ಟಿನವರು ಕೂಡಿಕೊಂಡರೆ ಅದು ಹಗುರವಾಗುತ್ತದೆ. ಕೆರೆಗೆ ನೀರು ಬರುವ ಕಡೆ, ತೂಬಿನ ಬಳಿ, ಅಚ್ಚುಕಟ್ಟಿನ ಕೊನೆಯ ಬಾವಿ, ಹೀಗೆ ಮೂರು ನಾಲ್ಕು ಕಡೆಯ ಮಾದರಿಗಳನ್ನು ಪರೀಕ್ಷಿಸಿದರೆ ಲೋಹ ಎಲ್ಲಿಂದ ಬರುತ್ತಿದೆಯೆಂಬುದರ ಸುಳಿವೂ ಸಿಗುತ್ತದೆ. ಶೋಧಕ ಲೇಪಿಸಿದ ಕಾಗದದ ಪಟ್ಟಿಗಳೂ, ಕೈಯಲ್ಲಿ ಹಿಡಿಯುವ ದೀಪಗಳೂ ಹೆಚ್ಚು ಬಳಕೆಗೆ ಬಂದಂತೆ ಈ ಮೊದಲ ಜರಡಿಯ ಕೆಲಸ ಹಳ್ಳಿಯಲ್ಲೇ ನಡೆಯಬಹುದು. ಅಂಥ ಪಟ್ಟಿ ಕೊಳ್ಳುವಾಗ ಅದು ಯಾವ ಲೋಹಕ್ಕೆ, ಎಷ್ಟು ಪ್ರಮಾಣದಿಂದ ಬೆಳಗುತ್ತದೆ, ಯಾವ ಲೋಹ ಅದನ್ನು ತಪ್ಪುದಾರಿಗೆ ಎಳೆಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಮಿತಿಗಿಂತ ಬಹಳ ಮೇಲಿನ ಪ್ರಮಾಣಕ್ಕೆ ಮಾತ್ರ ಬೆಳಗುವ ಪಟ್ಟಿಯಿಂದ ಪ್ರಯೋಜನವಿಲ್ಲ.

ಪರೀಕ್ಷೆಯ ಫಲವನ್ನು ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಡಿ. ಒಂದು ವರ್ಷದ ಅಂಕಿಗಿಂತ ಐದು ವರ್ಷದ ಅಂಕಿಗಳು ಹೆಚ್ಚು ಹೇಳುತ್ತವೆ. ಹೆಚ್ಚಿನ ವಿವರಗಳಿಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನೋ ರೈತ ಸಂಪರ್ಕ ಕೇಂದ್ರವನ್ನೋ ವಿಚಾರಿಸಬಹುದು. ಅಲ್ಲಿಗೆ ಹೋಗುವಾಗ ಆ ಪುಸ್ತಕವನ್ನೂ, ಹಿಂದಿನ ಮಣ್ಣು ಪರೀಕ್ಷೆಯ ಕಾರ್ಡನ್ನೂ ಜೊತೆಗೆ ಒಯ್ಯಿರಿ.